ಸಂಜೆ ಸುತ್ತಿನ ಕೊಕ್ಕರೆ

ಕೊಕ್ಕರೆಯನ್ನು ಹಿಡಿಯುವಾಗ ಮೊದಲು ಕೊಕ್ಕು ಹಿಡಿಯಬೇಕು. ರೆಕ್ಕೆಯಲ್ಲ, ಕಾಲಲ್ಲ. ನೋವಿನಲ್ಲಿರುವ ಕೊಕ್ಕರೆ ನೇರ ಕಣ್ಣಿಗೇ ಗುರಿ ಇಡುತ್ತದೆ. ಕೊಕ್ಕು ಒಂದು ಕೈಯಲ್ಲಿ, ಎರಡೂ ರೆಕ್ಕೆ ಮೈಗೆ ಒತ್ತಿ ನಮ್ಮ ಕಂಕುಳಲ್ಲಿ, ತಲೆಯ ಮೇಲೊಂದು ಕಪ್ಪು ಬಟ್ಟೆ. ಕತ್ತಲಾಯಿತು ಅನ್ನಿಸಿದ ಕೂಡಲೇ ಅದು ಸುಮ್ಮನಾಗುತ್ತದೆ. ಗಾಯಕ್ಕೆ ಅರಿಶಿನ ಹಚ್ಚಬಾರದು, ಬಾಯಿಗೆ ನೀರು ಬಿಡಬಾರದು, ದಾರ ಕಂಡರೆ ಎಳೆಯಬಾರದು. ಎಳೆದರೆ ದಾರ ಮಾಂಸದೊಳಗೆ ಇನ್ನಷ್ಟು ಇಳಿಯುತ್ತದೆ. ಎರಡೂ ಕಡೆ ಒಂದು ಗೇಣು ಬಿಟ್ಟು ಕತ್ತರಿಸಿ, ಒಳಗಿನದ್ದನ್ನು ಡಾಕ್ಟರಿಗೆ ಬಿಡಬೇಕು.

ಇದನ್ನೆಲ್ಲ ನಾನು ಕಲಿತದ್ದು ಅಹಮದಾಬಾದಿನ ಬೋಡಕ್‌ದೇವ್‌ನ ಒಂದು ಶಾಲೆಯ ಸಭಾಂಗಣದಲ್ಲಿ. ಸಂಕ್ರಾಂತಿಯ ಆಜುಬಾಜಿನಲ್ಲಿ ಅಲ್ಲಿ ಹಕ್ಕಿಗಳ ಚಿಕಿತ್ಸಾ ಶಿಬಿರ ನಡೆಯುತ್ತದೆ. ನಾನು ಧಾರವಾಡದವಳು, ಮನೆವಾರ್ತೆಯವಳು. ಯಜಮಾನರ ಬ್ಯಾಂಕು ನಮ್ಮನ್ನು ಮೊದಲು ಸೂರತ್ತಿಗೆ, ಆಮೇಲೆ ವಡೋದರಾಕ್ಕೆ, ಕಡೆಗೆ ಅಹಮದಾಬಾದಿಗೆ ಕಳಿಸಿತು. ಮೂರೂ ಊರಲ್ಲಿ ಕನ್ನಡದ ಹೆಣ್ಣುಮಕ್ಕಳ ಭಜನಾ ಮಂಡಳಿಗಳಿದ್ದವು, ಮೂರಕ್ಕೂ ನಾನು ಸೇರಿದ್ದೆ. ಅದೇ ಈ ಕಥೆಗೆ ಕಾರಣವಾಯಿತು. ಶಿಬಿರ ನಡೆಸುತ್ತಿದ್ದ ವಕೀಲಬೆನ್‌ಗೆ ಬೇಕಾಗಿದ್ದದ್ದು ಆ ಮೂರೂ ಊರಿನಲ್ಲಿ ಹೇಳಿದ ಮಾತು ಕೇಳುವ ಕೈಗಳು. ಅಂಥ ಕೈಗಳು ನನಗೆ ಗೊತ್ತಿದ್ದವು. ಇಲ್ಲಿ ಬೆನ್ ಅಂದರೆ ನಮ್ಮ ಅಕ್ಕ ಇದ್ದಂತೆ. ವಕೀಲಬೆನ್ ನನಗಿಂತ ಚಿಕ್ಕವರು, ಆದರೂ ಹಾಗೇ ಕರೆಯುತ್ತಿದ್ದೆ. ಅವರು ನನ್ನನ್ನು ಮಾಸಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಮ್ಮ ಮಾತೆಲ್ಲ ಗುಜರಾತಿ ಹಿಂದಿ ಬೆರೆಸಿ ನಡೆದದ್ದು. ನನಗೆ ನೆನಪಿರುವುದು ಮಾತ್ರ ಕನ್ನಡದಲ್ಲೇ.

ವಿಷಯ ಹೀಗಿತ್ತು. ರಾಜ್ಯ ಸರ್ಕಾರ ಒಂದು ಮಸೂದೆಯ ಕರಡು ಹೊರಡಿಸಿತ್ತು. ಕಾಡುಪ್ರಾಣಿಗಳನ್ನು, ಹಕ್ಕಿಗಳನ್ನು ಕೊಲ್ಲುವ, ಅವುಗಳ ಜೀವಕ್ಕೆ ಕುತ್ತು ತರುವ ಬಹುಮಾನದ ಸ್ಪರ್ಧೆಗಳನ್ನು ಪೂರ್ತಿ ನಿಲ್ಲಿಸುವ ಕಾನೂನು. ಹೊಲದಂಚಿನಲ್ಲಿ ಪಂಥ ಕಟ್ಟಿ ಮೊಲ ಹೊಡೆಯುವುದು, ಕವಣೆಯಿಂದ ಕೌಜುಗ ಬೀಳಿಸಿ ಲೆಕ್ಕ ಹಾಕುವುದು, ಇಂಥವಕ್ಕೆ ಇನ್ನು ಶಿಕ್ಷೆ. ಓದಿದವರೆಲ್ಲ ಒಳ್ಳೆಯದಾಯಿತು ಎಂದರು. ಆದರೆ ಕೊನೆಯಲ್ಲಿ ಒಂದು ಸಾಲು ಇತ್ತು: ಅನುಮತಿ ಪಡೆದ ಗಾಳಿಪಟ ಸ್ಪರ್ಧೆಗಳಿಗೆ ಇದು ಅನ್ವಯಿಸುವುದಿಲ್ಲ.

ಗಾಳಿಪಟ ಹಾರಿಸುವುದನ್ನು ಯಾರೂ ಬೇಡ ಎನ್ನಲಿಲ್ಲ. ಸಂಕ್ರಾಂತಿಯಂದು ನಾನೂ ನಮ್ಮ ಸೊಸೈಟಿಯ ತಾರಸಿಗೆ ಹೋಗಿ ಎಳ್ಳಿನ ಚಿಕ್ಕಿ ತಿಂದು, ಪಟ ನೋಡಿ ಬರುವವಳೇ. ನಮ್ಮ ತಕರಾರು ದೊಡ್ಡ ಬಹುಮಾನದ ಪೇಚ್ ಸ್ಪರ್ಧೆಗಳದ್ದು. ಅಲ್ಲಿ ಒಬ್ಬರ ದಾರ ಇನ್ನೊಬ್ಬರದನ್ನು ಕತ್ತರಿಸಬೇಕು. ಹೆಚ್ಚು ಕತ್ತರಿಸಿದವನಿಗೆ ಹೆಚ್ಚು ಅಂಕ. ಕಡೆಯ ಸುತ್ತು ಯಾವಾಗಲೂ ಸಂಜೆ, ಗಾಳಿ ಹದವಾದಾಗ. ಅದೇ ಹೊತ್ತಿಗೆ ಹಕ್ಕಿಗಳು ಸಾಲಾಗಿ ಕೆರೆಯ ಮರಗಳಿಗೆ ಮರಳುತ್ತವೆ. ಹೆಸರು ಏನಾದರೂ ಇರಲಿ, ಆ ಸಂಜೆ ನಮ್ಮ ಶಿಬಿರದ ಮೇಜಿನ ಬಳಿ ನಿಂತು ನೋಡಿದವರಿಗೆ ಅದು ಹಕ್ಕಿ ಕೊಲ್ಲುವ ಸ್ಪರ್ಧೆಯೇ.

ಆಯೋಜಕರು ಬೇರೆ ಹೇಳುತ್ತಿದ್ದರು. ಸೂರತ್, ವಡೋದರಾ, ಅಹಮದಾಬಾದ್ ಮೂರೂ ಕಡೆ ಸ್ಪರ್ಧೆ ನಡೆಸುವವರು ಒಬ್ಬರೇ. ಯಾರಿಗೂ ಅನ್ಯಾಯವಾಗಬಾರದೆಂದು ಅವರು ಎಲ್ಲ ಸ್ಪರ್ಧಿಗಳಿಗೂ ತಾವೇ ದಾರ ಕೊಡುತ್ತಿದ್ದರು. ಗಿಳಿಹಸಿರು ಬಣ್ಣದ, ಅಂಗಡಿಯಲ್ಲಿ ಸಿಗದ ದಾರ. ಉಳಿದದ್ದನ್ನು ಸುರುಳಿ ಸಮೇತ ಮರಳಿಸಬೇಕು. ‘ನಮ್ಮದು ಬರೀ ಹತ್ತಿ ದಾರ, ಗಾಜಿನ ಪುಡಿ ಹಾಕಿಲ್ಲ, ಹಕ್ಕಿ ಸಾಯುವುದು ಬೀದಿಯ ದಾರಕ್ಕೆ’ ಎಂದು ಸರ್ಕಾರಕ್ಕೆ ಬರೆದುಕೊಟ್ಟಿದ್ದರು. ಆ ಸಾಲು ಹುಟ್ಟಿದ್ದು ಹಾಗೆ.

“ಗಿಳಿಹಸಿರು ದಾರ ಹಕ್ಕಿಯ ಗಾಯದಲ್ಲಿ ಸಿಕ್ಕರೆ ಆ ಸಾಲು ಹೋಗುತ್ತೆ ಮಾಸಿ,” ಎಂದರು ವಕೀಲಬೆನ್. “ಇಲ್ಲದಿದ್ದರೆ ಕಾನೂನೇ ಅವರಿಗೆ ಲೈಸೆನ್ಸು ಕೊಟ್ಟ ಹಾಗೆ. ಮುಂದೆ ಯಾರೂ ಏನೂ ಮಾಡೋಕಾಗಲ್ಲ.”

ಸಂಕ್ರಾಂತಿಗೆ ಮುಂಚಿನ ಒಂದು ಭಾನುವಾರ ಸೂರತ್, ಅದರ ಮುಂದಿನ ಭಾನುವಾರ ವಡೋದರಾ, ಹಬ್ಬ ಮುಗಿದ ಮೇಲಿನ ಭಾನುವಾರ ಅಹಮದಾಬಾದ್. ಮೂರು ಸ್ಪರ್ಧೆ, ಮೂರು ಅವಕಾಶ; ಮೂರೂ ಊರಲ್ಲಿ ಹಕ್ಕಿಗಳ ಶಿಬಿರ ಇತ್ತು. ಸೂರತ್ತಿನ ಶಿಬಿರದಲ್ಲಿ ನಮ್ಮ ಹಳೆಯ ಮಂಡಳಿಯ ಹಿರಿಯರೊಬ್ಬರು ಇದ್ದರು. ಬೆಳಗಾವಿ ಕಡೆಯವರು, ಎಲ್ಲರೂ ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವುದು. ಫೋನಿನಲ್ಲಿ ಅವರಿಗೆ ಹೇಳಿದೆ: ಹಕ್ಕಿಯಿಂದ ತೆಗೆದ ಹಸಿರು ದಾರ ಒಂದೂ ಬಿಡದೆ ಎತ್ತಿಡ್ರಿ.

ಸೋಮವಾರ ಪೂಜೆ ಮುಗಿಸಿ ಫೋನು ಮಾಡಿದೆ.

“ಬಂದಿದ್ವು ನೋಡವಾ, ಹಸಿರು ದಾರದ್ದು ಭಾಳ ಬಂದಿದ್ವು,” ಎಂದರು ವೈನಿ. “ಪಾರಿವಾಳ, ಒಂದು ಗೂಬಿ, ಎರಡು ಬೆಳ್ಳಕ್ಕಿ. ಗೂಬಿ ಉಳೀತು, ದೇವರ ಪುಣ್ಯಾ.”

“ದಾರ ಎತ್ತಿಟ್ಟೀರಿಲ್ಲೋ ವೈನಿ?”

“ಎತ್ತಿಡದ ಮತ್ತ? ಎಲ್ಲಾ ಒಂದ ಬುಟ್ಟಿಗೆ ಹಾಕಿ, ಸಂಜೀಕ ಕರ್ಪೂರ ಹಚ್ಚಿ, ಜೀವಕ್ಕ ಶಾಂತಿ ಆಗ್ಲಿ ಅಂತ ಎಲ್ಲಾರೂ ಸೇರಿ ಒಂದ ಪದಾ ಹೇಳಿ ಸುಟ್ವಿ. ಹೊರಗ ಬಿಟ್ರ ಮತ್ತೊಂದು ಹಕ್ಕಿಗೆ ಸುತ್ಕೋತದಲ್ಲ?”

ಶಿಬಿರಗಳಲ್ಲಿ ಬಿದ್ದ ದಾರ ಸುಡುವುದು ರೂಢಿ, ಅದು ಸರಿಯಾದ ರೂಢಿಯೇ. ಅದಕ್ಕೆ ಕರ್ಪೂರ, ಭಜನೆ ಸೇರಿಸಿದ್ದು ನಮ್ಮ ಮಂಡಳಿಯ ಪದ್ಧತಿ. ಎತ್ತಿಡ್ರಿ ಅಂದೆ, ಎಷ್ಟು ದಿನ, ಯಾತಕ್ಕೆ ಎಂದು ಹೇಳಿರಲಿಲ್ಲ.

“ಯಾಕವಾ, ತಪ್ಪಾತೇನು?”

“ಇಲ್ರಿ ವೈನಿ. ಗೂಬಿ ಉಳೀತಲ್ಲ, ಸಾಕು.”

ವಕೀಲಬೆನ್‌ಗೆ ಹೇಳಿದಾಗ ಅವರು ಮೊದಲು ನಕ್ಕರು, ಆಮೇಲೆ ಹಣೆ ಹಿಡಿದು ಕುಳಿತರು. “ಸಾಕ್ಷಿಗೆ ಮೋಕ್ಷ ಕೊಟ್ಟುಬಿಟ್ರಲ್ಲ ಮಾಸಿ!”

ವಡೋದರಾಕ್ಕೆ ನಾನು ಎಚ್ಚರ ವಹಿಸಿದೆ. ಮಗಳು ಅಲ್ಲಿಯೇ ಫತೇಗಂಜ್‌ನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳಿಗೆ ಬಿಡಿಸಿ ಬಿಡಿಸಿ ಹೇಳಿದೆ: ಸುಡಬಾರದು, ಬಿಸಾಡಬಾರದು, ಎಲ್ಲ ಇಟ್ಟುಕೊಳ್ಳಬೇಕು, ನಾನೇ ಬಂದು ಒಯ್ಯುತ್ತೇನೆ. ಅವಳೂ ಹಾಸ್ಟೆಲಿನ ಹುಡುಗಿಯರೂ ಶಿಬಿರದಲ್ಲಿ ಇಡೀ ದಿನ ದುಡಿದರು. ಅಲ್ಲಿಯ ನಮ್ಮ ಮಂಡಳಿಯವರು ಅವರಿಗೆ ಊಟ ಹೊತ್ತು ತಂದು, ಉಳಿದ ಹೊತ್ತು ದಾರದ ಕೆಲಸ ನೋಡಿಕೊಂಡರು. ಮರುದಿನ ರೈಲು ಹಿಡಿದು ಹೋದೆ. ಮಗಳು ಒಂದು ಡಬ್ಬಿ ಮುಂದಿಟ್ಟಳು.

“ಮಮ್ಮಿ, ನೋಡು, ಏಕ್‌ದಮ್ ಸೇಫ್. ಒಂದೂ ಸುಟ್ಟಿಲ್ಲ.”

ಮುಚ್ಚಳ ತೆಗೆದೆ. ಒಳಗೆ ಗಿಳಿಹಸಿರು ಬಣ್ಣದ, ಕಿತ್ತಳೆ ಹಣ್ಣಿನಷ್ಟು ದಪ್ಪದ, ಅಚ್ಚುಕಟ್ಟಾದ ಒಂದು ಉಂಡೆ. ಉಲ್ಲನ್ನಿನ ಉಂಡೆಯಂತೆ ಸುತ್ತಿದ್ದರು. ತುದಿಗೆ ತುದಿ ಗಂಟು ಹಾಕಿ, ಎಲ್ಲೂ ಸಿಕ್ಕಿಲ್ಲದ ಹಾಗೆ.

“ಇದನ್ನ ಯಾರ ಸುತ್ತಿದ್ರವಾ?”

“ಆಂಟಿಯವರು ಎಲ್ಲ. ಗಂಟು ಗಂಟು ಆಗಿತ್ತು ಅಲ್ಲ, ಅವರಿಗೆ ನೋಡೋಕೆ ಆಗ್ಲಿಲ್ಲ. ಬಿಡಿಸಿ ಬಿಡಿಸಿ ಮಾಡಿದರು. ಯಾಕೆ, ಗಲತ್ ಆಯ್ತಾ?”

ಯಾವ ತುಂಡು ಯಾವ ಹಕ್ಕಿಯದು ಎಂದು ಹೇಳಲು ಇನ್ನು ದೇವರೇ ಬರಬೇಕಿತ್ತು. ಸಿಕ್ಕು ಕಂಡರೆ ಬಿಡಿಸುವುದು, ತುಂಡು ಕಂಡರೆ ಗಂಟು ಹಾಕಿ ಸುತ್ತುವುದು, ನಮ್ಮ ಕೈಗಳಿಗೆ ತಾಯಂದಿರು ಹಾಕಿಕೊಟ್ಟ ಪಾಠ. ಅವರ ಜಾಗದಲ್ಲಿ ನಾನಿದ್ದರೂ ಬಹುಶಃ ಸುತ್ತಿಯೇ ಬಿಡುತ್ತಿದ್ದೆ. ಮಗಳ ಬೆರಳುಗಳಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು. ಬರೀ ಹತ್ತಿ ದಾರವಂತೆ! ಕೊಬ್ಬರಿ ಎಣ್ಣೆ ಹಚ್ಚಿ, ಉಂಡೆ ಹಿಡಿದುಕೊಂಡು ಬಂದೆ.

ಆದರೂ ಒಂದು ಕೈ ನೋಡೋಣ ಎಂದು ವಕೀಲಬೆನ್ ಅದನ್ನು ಗಾಂಧಿನಗರದ ಇಲಾಖೆಗೆ ಒಯ್ದರು; ಜೊತೆಗೆ ನನ್ನನ್ನೂ. ಕರಡಿನ ಮೇಲೆ ಸಲಹೆ ಕೇಳುತ್ತಿದ್ದ ಅಧಿಕಾರಿ ಸಮಾಧಾನದ ಮನುಷ್ಯ. ಆಯೋಜಕರ ಪರವಾಗಿ ಒಬ್ಬರು ಬಂದಿದ್ದರು, ಇಸ್ತ್ರಿ ಮಾಡಿದ ಜುಬ್ಬಾ, ಬಹಳ ನಯ.

“ಬೆನ್, ಎಷ್ಟು ಚಂದ ಸುತ್ತಿದ್ದೀರಿ,” ಎಂದರು ಅವರು ನನ್ನ ಕಡೆ ನೋಡಿ. “ಇದರಲ್ಲಿ ಒಂದು ಸ್ವೆಟರ್ ಆಗುತ್ತೆ.” ಆಮೇಲೆ ಅಧಿಕಾರಿಗೆ: “ಸಾಹೇಬ್, ಸ್ಪರ್ಧೆ ಆದ ಮೇಲೆ ಮೈದಾನದ ತುಂಬ ನಮ್ಮ ದಾರ ಬಿದ್ದಿರುತ್ತೆ. ಯಾರು ಬೇಕಾದರೂ ಆಯ್ದು ಉಂಡೆ ಕಟ್ಟಬಹುದು.”

“ಹಕ್ಕಿಗಳ ವಿಡಿಯೊ ಇದೆ,” ಎಂದರು ವಕೀಲಬೆನ್.

“ನಿಮ್ಮ ಶಿಬಿರದಲ್ಲಿ, ನಿಮ್ಮವರೇ ತೆಗೆದದ್ದು.”

ಅಧಿಕಾರಿ ಉಂಡೆಯನ್ನು ನಮ್ಮ ಕಡೆಗೇ ಸರಿಸಿದರು. ದಾರ ಹಕ್ಕಿಯ ಗಾಯದಲ್ಲಿ ಇರುವಾಗಲೇ ಅರಣ್ಯ ಇಲಾಖೆಯ ಸಿಬ್ಬಂದಿ ಕಣ್ಣಾರೆ ನೋಡಿ ಪಂಚನಾಮೆ ಮಾಡಿದರೆ ಒಪ್ಪುತ್ತೇನೆ, ಅಹಮದಾಬಾದಿನ ಸ್ಪರ್ಧೆಯ ದಿನ ಒಬ್ಬರನ್ನು ಕಳಿಸಿಕೊಡಲು ಹೇಳುತ್ತೇನೆ ಎಂದರು. ಅದೊಂದು ಉಪಕಾರ. ಬೇರೆಯವರಾಗಿದ್ದರೆ ಬಾಗಿಲು ತೋರಿಸುತ್ತಿದ್ದರು.

ಹೀಗೆ ಎಲ್ಲವೂ ಕಡೆಯ ಭಾನುವಾರಕ್ಕೆ ಬಂದು ನಿಂತಿತು.

ಆ ದಿನ ಬೆಳಗ್ಗೆ ಬೇಗ ಸ್ನಾನ ಮಾಡಿ, ಹಣಮಪ್ಪನಿಗೆ ಎಣ್ಣೆ ದೀಪ ಹಚ್ಚಿ ಹೊರಟೆ. ಯಜಮಾನರು ಕಾರಿನಲ್ಲಿ ನಮ್ಮ ಸ್ಯಾಟಲೈಟ್ ಬಡಾವಣೆಯಿಂದ ಬೋಡಕ್‌ದೇವ್‌ವರೆಗೆ ಬಿಟ್ಟರು. “ಇವತ್ತ ಏನೂ ಸುತ್ತಬ್ಯಾಡ, ಏನೂ ಸುಡಬ್ಯಾಡ,” ಎಂದರು ಇಳಿಯುವಾಗ. “ನೀವು ಸುಮ್ನ ಹೋಗ್ರಿ,” ಎಂದೆ. ನಗು ಬಂದಿತ್ತು, ತೋರಿಸಲಿಲ್ಲ.

ಶಿಬಿರದಲ್ಲಿ ಡಾಕ್ಟರ್ ಮೇಜು ಸಿದ್ಧ ಮಾಡುತ್ತಿದ್ದರು. ಈ ಡಾಕ್ಟರ್ ಮೂವತ್ತು ದಾಟದ ಹುಡುಗ, ಪಶುವೈದ್ಯ, ಮಾತು ಕಡಿಮೆ. ಅವರ ಮೇಜಿಗೆ ಒಂದು ನಿಯಮ ಇತ್ತು: ಹಕ್ಕಿಯನ್ನು ಹಿಡಿದವರ ಮಾತೇ ಕಡೆಯ ಮಾತು. ಡಾಕ್ಟರ ಕಣ್ಣು ಗಾಯದ ಮೇಲಿರುತ್ತದೆ. ಎದೆ ಎಷ್ಟು ಬಡಿಯುತ್ತಿದೆ, ಉಸಿರು ಎಲ್ಲಿ ತಡೆಯುತ್ತಿದೆ ಎಂಬುದು ಹಿಡಿದವರ ಅಂಗೈಗೆ ಮಾತ್ರ ಗೊತ್ತು. ಅವರು ನಿಲ್ಲಿಸಿ ಅಂದರೆ ನಿಲ್ಲಿಸಬೇಕು, ಈಗಲೇ ಅಂದರೆ ಈಗಲೇ. ಈ ನಿಯಮವನ್ನು ಅವರು ದೊಡ್ಡ ಡಾಕ್ಟರುಗಳ ಮೇಲೂ ಹಾಕುತ್ತಿದ್ದರು.

ಮಧ್ಯಾಹ್ನದವರೆಗೆ ಬಂದದ್ದು ಬೀದಿ ದಾರದ ಹಕ್ಕಿಗಳು. ಬಿಳಿ ದಾರ, ಗುಲಾಬಿ ದಾರ. ಪಾರಿವಾಳಗಳೇ ಹೆಚ್ಚು. ಹಸಿರು ಒಂದೂ ಇಲ್ಲ. ಹಸಿರು ಬರಲಿ ಎಂದು ಬಯಸಿದರೆ ಒಂದು ಜೀವ ಗಾಯಗೊಳ್ಳಲಿ ಎಂದು ಬಯಸಿದಂತೆ. ಬಾರದಿರಲಿ ಎಂದರೆ ಆ ಸಾಲು ಉಳಿಯುತ್ತದೆ. ದೇವರ ಹತ್ತಿರ ಏನು ಕೇಳಬೇಕೋ ತಿಳಿಯದೆ ಏನೂ ಕೇಳದೆ ಕೆಲಸ ಮಾಡಿದೆ.

ಬಿಸಿಲು ಇಳಿಯುವ ಹೊತ್ತಿಗೆ ಮೈದಾನದ ಕಡೆಯಿಂದ ಧ್ವನಿವರ್ಧಕ ಜೋರಾಯಿತು. ಕಡೆಯ ಸುತ್ತು ಶುರುವಾಗಿತ್ತು. ಎದುರಾಳಿಯ ಪಟ ಕತ್ತರಿಸಿದಾಗ ಕೂಗುವ “ಲಪೇಟ್, ಲಪೇಟ್” ನಮ್ಮವರೆಗೂ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ಆಟೊ ಗೇಟಿನೊಳಗೇ ಬಂದು ನಿಂತಿತು. ಚಾಲಕ ತನ್ನ ಶಾಲಿನಲ್ಲಿ ಸುತ್ತಿ ಒಂದು ದೊಡ್ಡ ಹಕ್ಕಿ ತಂದಿದ್ದ.

“ಬೆನ್, ಹಿಡಿಯಿರಿ, ಹಿಡಿಯಿರಿ, ನನ್ನ ಕೈ ಕಚ್ಚಿ ಹಾಕಿದೆ. ಕೆರೆ ರಸ್ತೇಲಿ ಮೇಲಿಂದ ಬಿತ್ತು.”

ಬಣ್ಣದ ಕೊಕ್ಕರೆ. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ. ಕೊಕ್ಕು ಹಿಡಿದೆ, ಕಂಕುಳಿಗೆ ತೆಗೆದುಕೊಂಡೆ, ಬಟ್ಟೆ ಮುಚ್ಚಿಸಿದೆ. ಎಡ ರೆಕ್ಕೆಯ ಮೊಣಕೈಗೆ ಗಿಳಿಹಸಿರು ದಾರ ಬಿಗಿದು, ಒಳಗೆ ಎಲುಬಿನವರೆಗೆ ಇಳಿದಿತ್ತು. ಇನ್ನೊಂದು ತುದಿ ಒಂದು ಆಳುದ್ದ ನೇತಾಡುತ್ತಿತ್ತು.

ವಕೀಲಬೆನ್ ಆಗಲೇ ಅರಣ್ಯ ಇಲಾಖೆಯವರಿಗೆ ಫೋನು ಮಾಡುತ್ತಿದ್ದರು. ಅವರು ಹೊರಟಿದ್ದಾರೆ, ಹೆದ್ದಾರಿಯ ಮೇಲ್ಸೇತುವೆಯಲ್ಲಿ ವಾಹನಗಳು ನಿಂತುಬಿಟ್ಟಿವೆ, ಇಗೋ ಬಂದೆ ಎನ್ನುತ್ತಿದ್ದಾರೆ.

“ಯಾರೂ ದಾರ ಮುಟ್ಟಬೇಡಿ,” ಎಂದರು ವಕೀಲಬೆನ್.

ಡಾಕ್ಟರ್ ರೆಕ್ಕೆಯ ತುದಿಯನ್ನು ಬೆರಳಲ್ಲಿ ಒತ್ತಿ ನೋಡಿದರು. “ಇಲ್ಲಿಂದಾಚೆ ತಣ್ಣಗಾಗ್ತಿದೆ. ಕಾಯೋಕೆ ಆಗಲ್ಲ.”

“ಸ್ವಲ್ಪ ಹೊತ್ತು ಡಾಕ್ಟರ್. ಅವರು ಬಂದೇ ಬಿಟ್ರು.”

“ನೀವು ಅದನ್ನೇ ಹೇಳ್ತಿದ್ದೀರಿ.”

“ಇದೊಂದೇ ಉಳಿದಿರೋದು! ಸೂರತ್ ಹೋಯ್ತು, ವಡೋದರಾ ಹೋಯ್ತು. ಇದನ್ನೂ ಕತ್ತರಿಸಿದರೆ ನಾಳೆ ಆ ಮನುಷ್ಯ ಇನ್ನೊಂದು ಸ್ವೆಟರ್ ಅಂತಾನೆ. ಪ್ರತಿ ವರ್ಷ ಇದೇ ಮೇಜು, ಇದೇ ರಕ್ತ. ಒಂದು ಹಕ್ಕಿಗೋಸ್ಕರ ಎಲ್ಲಾನೂ ಬಿಟ್ಟುಕೊಡ್ತೀರಾ?”

ಡಾಕ್ಟರ್ ನನ್ನ ಕಡೆ ನೋಡಿದರು. ವಕೀಲಬೆನ್ ಕೂಡ ನೋಡಿದರು. ಹಿಡಿದವಳು ನಾನು.

ವಕೀಲಬೆನ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಸಾಲು ಕಾನೂನಿನಲ್ಲಿ ಉಳಿದರೆ ಎಷ್ಟು ಹಕ್ಕಿ ಬೀಳುತ್ತವೆ ಎಂದು ನನಗೂ ಗೊತ್ತಿತ್ತು. ಆದರೆ ನನ್ನ ಅಂಗೈ ಕೆಳಗೆ ಒಂದು ಎದೆ ಬಡಿಯುತ್ತಿತ್ತು. ಬಂದಾಗ ಹೊಲಿಗೆ ಯಂತ್ರದ ಹಾಗೆ ಓಡುತ್ತಿದ್ದದ್ದು ಈಗ ಓಡಿ, ನಿಂತು, ಮತ್ತೆ ಓಡುತ್ತಿತ್ತು. ಮುಂದಿನ ವರ್ಷದ ಹಕ್ಕಿಗಳನ್ನು ದೇವರು ನನ್ನ ಕೈಯಲ್ಲಿ ಇಟ್ಟಿರಲಿಲ್ಲ. ಇದನ್ನು ಇಟ್ಟಿದ್ದ.

“ಕತ್ತರಿಸ್ರಿ,” ಎಂದೆ.

ಅವಸರದಲ್ಲಿ ಕನ್ನಡವೇ ಬಂದಿತ್ತು. ಡಾಕ್ಟರಿಗೆ ಕನ್ನಡ ಬರುವುದಿಲ್ಲ. ಕತ್ತರಿ ತೆಗೆದುಕೊಂಡರು.

ಎರಡೂ ಕಡೆ ಬಿಟ್ಟು ಕತ್ತರಿಸಿದರು, ಸಲೈನ್ ಬಿಟ್ಟು ನೆನೆಸಿದರು, ಚಿಮುಟದಿಂದ ಎಳೆ ಎಳೆಯಾಗಿ ಬಿಡಿಸಿದರು. ಒಮ್ಮೆ ಎದೆ ತೀರ ಹಗುರಾದಾಗ ನಿಲ್ಲಿಸಿ ಎಂದೆ, ನಿಲ್ಲಿಸಿದರು. ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ ಹೊಟ್ಟೆಗೆ ಇಟ್ಟೆವು. ಮತ್ತೆ ಬಡಿತ ಬಂದ ಮೇಲೆ ಹೊಲಿಗೆ ಹಾಕಿ, ರೆಕ್ಕೆಯನ್ನು ಮೈಗೆ ಕಟ್ಟಿದರು. ಅಷ್ಟು ಹೊತ್ತೂ ವಕೀಲಬೆನ್ ಗೋಡೆಯ ಕಡೆ ಮುಖ ಮಾಡಿ ಬೆಂಚಿನ ಮೇಲೆ ಕುಳಿತಿದ್ದರು.

ಅರಣ್ಯ ಇಲಾಖೆಯವರು ಬಂದಾಗ ಕೊಕ್ಕರೆ ಪೆಟ್ಟಿಗೆಯಲ್ಲಿತ್ತು. ಪಾಪ, ಮೋಟಾರು ಬಿಟ್ಟು ಕಡೆಯ ದಾರಿ ಓಡಿಯೇ ಬಂದಿದ್ದರು. ಗಾಯ ನೋಡಿದ್ದೇನೆ, ದಾರವನ್ನು ಶಿಬಿರದವರು ಕೊಟ್ಟರು ಎಂದಷ್ಟೇ ಬರೆದರು. ಅದಕ್ಕಿಂತ ಹೆಚ್ಚು ಬರೆದರೆ ಸುಳ್ಳಾಗುತ್ತಿತ್ತು.

ಆಗ ಬಾಗಿಲ ಹತ್ತಿರ ಒಬ್ಬರು ನಿಂತಿದ್ದನ್ನು ನೋಡಿದೆ. ಐವತ್ತರ ಆಸುಪಾಸಿನ ಗಂಡಸು. ತೋಳಿಗೆ ಸ್ಪರ್ಧಿಗಳು ಕಟ್ಟುವ ಪಟ್ಟಿ, ಕೈಯಲ್ಲಿ ಗಿಳಿಹಸಿರು ದಾರದ ಸುರುಳಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು.

“ಬದುಕಿದೆಯಾ?” ಎಂದರು.

“ಇನ್ನೂ ಇದೆ,” ಎಂದೆ.

“ದಾರ ನಂದು. ಪೇಚ್ ಬಿದ್ದಿತ್ತು, ಎಳೆದೆ. ಆ ಕಡೆಯಿಂದ ಇವು ಸಾಲಾಗಿ ಬಂದವು. ಒಂದು ಮಡಚಿಕೊಂಡು ಬಿತ್ತು. ಸ್ಕೂಟರ್ ಹತ್ತಿ ಹುಡುಕ್ಕೊಂಡು ಬಂದೆ.”

ವಕೀಲಬೆನ್ ಬೆಂಚಿನಿಂದ ಎದ್ದೇಬಿಟ್ಟರು. “ಕಾಕಾ, ಇದನ್ನೇ ಈ ಸಾಹೇಬರ ಮುಂದೆ ಹೇಳಿ. ಇಲ್ಲಿ ಒಂದು ಸಹಿ ಹಾಕಿ.”

ಅವರ ಮುಖ ಬದಲಾಯಿತು. ಸಮವಸ್ತ್ರದವರನ್ನು ಆಗ ನೋಡಿದರು ಎಂದು ಕಾಣುತ್ತದೆ. “ನಾನು ಹಕ್ಕಿ ನೋಡೋಕೆ ಬಂದದ್ದು ಅಷ್ಟೆ,” ಎಂದು ಎರಡು ಹೆಜ್ಜೆ ಹಿಂದೆ ಸರಿದರು. ಹೋಗುವ ಮುಂಚೆ ನನ್ನ ಫೋನ್ ನಂಬರು ಕೇಳಿ ಬರೆದುಕೊಂಡರು. ಅವರದನ್ನು ಕೊಡಲಿಲ್ಲ.

ಮರುದಿನ ವಕೀಲಬೆನ್ ನಮ್ಮ ಮನೆಗೆ ಬಂದರು. ಮಂಡಕ್ಕಿ ಒಗ್ಗರಣೆ, ಚಹಾ ಕೊಟ್ಟೆ. ಪೂರ್ತಿ ತಿಂದರು. ಆಮೇಲೆ, “ನಾನು ಹಿಡಿದಿದ್ದರೂ ಅದನ್ನೇ ಹೇಳ್ತಿದ್ದೆ ಮಾಸಿ,” ಎಂದರು. “ಹಿಡಿದಿರಲಿಲ್ಲವಲ್ಲ, ಅದಕ್ಕೇ ಅಷ್ಟು ಕೂಗಾಡಿದೆ.” ಇನ್ನೊಂದು ತಟ್ಟೆ ಹಾಕಿಕೊಟ್ಟೆ.

ಎರಡು ದಿನ ಬಿಟ್ಟು ಫೋನು ಬಂತು. “ಬೆನ್, ಹೇಗಿದೆ?” ಹೆಸರು ಹೇಳಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಣ್ಣು ಬಿಡ್ತಿದೆ ಎಂದೆ. ಮತ್ತೆ ಬಂತು, ಎದ್ದು ನಿಂತಿದೆ ಎಂದೆ. ಅದಾದ ಮೇಲೆ ಒಂದು ದಿನ ಡಾಕ್ಟರಿಂದ ಸುದ್ದಿ ಬಂದ ಕೂಡಲೇ ನಾನೇ ಕಾಯುತ್ತ ಕುಳಿತಿದ್ದೆ. ಫೋನು ಬಂದಾಗ, “ಮೀನು ತಿಂತು!” ಎಂದು ಕೂಗಿಬಿಟ್ಟೆ. ಹಿಂದೆ ಯಜಮಾನರು ಪೇಪರು ಇಳಿಸಿ ನೋಡಿದರು. “ದೇವರ ಮನಿ ಬಾಗಿಲದಾಗ ನಿಂತು ಏನ ಒದರ್ತೀ,” ಎಂದರು. ನಮ್ಮ ಮನೆಯಲ್ಲಿ ಮೀನಿನ ಹೆಸರೂ ಎತ್ತುವುದಿಲ್ಲ. ಆ ದಿನ ಎತ್ತಿದ್ದಕ್ಕೆ ಹಣಮಪ್ಪ ತಪ್ಪು ತಿಳಿಯಲಿಕ್ಕಿಲ್ಲ.

ಹಕ್ಕಿ ಅಪಾಯದಿಂದ ಪಾರಾಯಿತು ಎಂದು ಡಾಕ್ಟರ್ ಹೇಳಿದ ಮೇಲೆಯೇ ನಾನು ಫೋನಿನಲ್ಲಿ ಆ ಪಟದ ಭಾಯಿಯನ್ನು ಕೇಳಿದ್ದು. ಗಾಂಧಿನಗರದಲ್ಲಿ ಕಡೆಯ ವಿಚಾರಣೆ ಇದೆ, ಬಂದು ನೋಡಿದ್ದನ್ನು ಹೇಳ್ತೀರಾ ಭಾಯಿ?

“ಬೆನ್, ಆ ಮೈದಾನದಲ್ಲಿ ಇರೋರೆಲ್ಲ ನನ್ನ ಸ್ನೇಹಿತರು. ಚಿಕ್ಕವನಿದ್ದಾಗಿಂದ ಒಟ್ಟಿಗೆ ಪಟ ಹಾರಿಸಿದವರು. ನಾಳೆ ಯಾರ ತಾರಸಿ ಹತ್ತಲಿ?”

ತಾರಸಿ ಇಲ್ಲದ ಗುಜರಾತಿ ಅಂದರೆ ಏನೆಂದು ಇಲ್ಲಿ ಇಷ್ಟು ವರ್ಷ ಇದ್ದವಳಿಗೆ ಗೊತ್ತು. ಆಮೇಲೆ ಫೋನು ಬರುವುದು ನಿಂತುಹೋಯಿತು. ಕೇಳಬಾರದಿತ್ತೇನೋ ಅನ್ನಿಸಿತು.

ವಿಚಾರಣೆಯ ದಿನ ಯಜಮಾನರು ರಜೆ ಹಾಕಿ ನಮ್ಮನ್ನು ಕರೆದೊಯ್ದರು. ಆಯೋಜಕರ ಕಡೆಯವರು ಮೊದಲು ಮಾತಾಡಿದರು. ಸಂಪ್ರದಾಯ, ಪ್ರವಾಸಿಗರು, ದಾರಕ್ಕೆ ಅಂಟು, ಬಣ್ಣ ಉಜ್ಜುವವರ ಹೊಟ್ಟೆಪಾಡು. ಸುಳ್ಳೆನ್ನುವಂಥದ್ದಲ್ಲ. ಕಡೆಗೆ, “ನಮ್ಮ ದಾರದಿಂದ ಒಂದು ಹಕ್ಕಿ ಬಿದ್ದಿದ್ದನ್ನು ನೋಡಿದವರು ಒಬ್ಬರಿದ್ದರೆ ತೋರಿಸಲಿ,” ಎಂದು ಕುಳಿತರು. ವಕೀಲಬೆನ್ ಡಾಕ್ಟರ ವರದಿ, ಫೋಟೊ, ಅರಣ್ಯ ಇಲಾಖೆಯವರು ಬರೆದದ್ದು ಎಲ್ಲ ಇಟ್ಟರು. ಅಧಿಕಾರಿ ಗಮನವಿಟ್ಟು ನೋಡಿದರು. ನೋಡಿದ ರೀತಿಯಲ್ಲೇ ಸಾಲುವುದಿಲ್ಲ ಎಂದು ತಿಳಿಯಿತು.

“ಬೇರೆ ಯಾರಾದರೂ ಮಾತಾಡುವವರು ಇದ್ದೀರಾ?”

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ತಿರುಗಿದೆ. ಅವರೇ. ಯಾವಾಗ ಬಂದು ಕುಳಿತಿದ್ದರೋ! ಕೈಯಲ್ಲಿ ಒಂದು ಬಟ್ಟೆಯ ಚೀಲ.

“ನೀವು ಯಾರ ಪರ?” ಎಂದು ಕೇಳಿದರು ಅಧಿಕಾರಿ.

“ಯಾರ ಪರವೂ ಅಲ್ಲ ಸಾಹೇಬ್. ಪಟ ಹಾರಿಸೋನು. ಆ ದಿನ ಕಡೆಯ ಸುತ್ತಲ್ಲಿದ್ದೆ.”

ಆಯೋಜಕರ ಕಡೆಯವರು ನಕ್ಕರು. “ಅರೆ ಭಾಯಿ, ಸುತ್ತು ಮುಗಿಯೋಕೆ ಮುಂಚೆ ಓಡಿಹೋದೆಯಲ್ಲ, ಸೋಲ್ತೀನಿ ಅಂತ ಭಯ ಆಯ್ತಾ?”

“ಗೆಲ್ತಿದ್ದೆ. ನಿಮಗೂ ಗೊತ್ತು.” ಚೀಲದಿಂದ ಗಿಳಿಹಸಿರು ಸುರುಳಿ ತೆಗೆದು ಮೇಜಿನ ಮೇಲಿಟ್ಟರು. “ಇದನ್ನ ವಾಪಸ್ ಕೊಡೋದು ಮರೆತಿದ್ದೆ. ಇದೇ ದಾರ ಸಾಹೇಬ್. ಹಕ್ಕಿ ಬಿದ್ದದ್ದು ನಾನೇ ನೋಡಿದ್ದು.”

ಅಧಿಕಾರಿ ದಾರದ ತುದಿ ಬಿಚ್ಚಿ ಎರಡು ಬೆರಳ ನಡುವೆ ಹಿಡಿದು ಎಳೆದರು. ತಟ್ಟನೆ ಬಿಟ್ಟು ಬೆರಳು ನೋಡಿಕೊಂಡರು. ಸಣ್ಣಗೆ ಕೆಂಪು ಗೆರೆ.

“ಇದು ಬರೀ ಹತ್ತಿಯೇ?”

“ಹದಕ್ಕೆ ಸ್ವಲ್ಪ…” ಎಂದರು ಜುಬ್ಬಾದವರು. ಮುಂದೆ ಹೇಳಲಿಲ್ಲ.

“ಅದೇ ದಿನ ಪಂಚನಾಮೆಗೆ ಯಾಕೆ ಸಹಿ ಹಾಕಲಿಲ್ಲ?” ಎಂದು ಅಧಿಕಾರಿ ಇವರನ್ನು ಕೇಳಿದರು.

“ಅದು ಬದುಕುತ್ತೋ ಇಲ್ಲವೋ ಗೊತ್ತಿರಲಿಲ್ಲ. ಸತ್ತಿದ್ದರೆ ನಾನು ಈ ಕಡೆ ತಲೆ ಹಾಕ್ತಿರಲಿಲ್ಲ ಸಾಹೇಬ್. ಕೊಂದೆ ಅಂತ ಎದ್ದು ನಿಂತು ಹೇಳೋಕೆ ಯಾರಿಗೆ ಧೈರ್ಯ ಬರುತ್ತೆ? ಬದುಕಿದೆ. ಅದಕ್ಕೇ ಬಂದೆ.”

ವಕೀಲಬೆನ್ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡರು. ಬಳೆ ಚುಚ್ಚುವಷ್ಟು ಗಟ್ಟಿಯಾಗಿ.

ಮಸೂದೆ ವಿಧಾನಸಭೆಗೆ ಬಂದ ದಿನ ನಾನು ಒಗ್ಗರಣೆಗೆ ಸಾಸಿವೆ ಹಾಕಿದ್ದೆ. ವಕೀಲಬೆನ್ ಫೋನು ಮಾಡಿ, ಕಡೆಯ ಪುಟವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಆ ಸಾಲು ಇರಲಿಲ್ಲ. ಇನ್ನೊಂದು ಸಲ ಓದಿ ಎಂದೆ. ಓದಿದರು. ಇರಲೇ ಇಲ್ಲ. ಸಾಸಿವೆ ಸೀದುಹೋಗಿತ್ತು. ಹೋಗಲಿ. ಸೂರತ್ತಿನ ವೈನಿಗೆ, ವಡೋದರಾದ ಮಗಳಿಗೆ ತಿಳಿಸಿ, ಗೋಧಿ ಹುಗ್ಗಿ ಮಾಡಿ ದೇವರಿಗೆ ತೋರಿಸಿದೆ. ಕೊಕ್ಕರೆ ಅಷ್ಟು ಹೊತ್ತಿಗೆ ಕೆರೆಗೆ ಹೋಗಿ ಬಹಳ ದಿನವಾಗಿತ್ತು. ಎಡ ರೆಕ್ಕೆ ಸ್ವಲ್ಪ ಕೆಳಗೇ ಇರುತ್ತದೆ, ಆದರೆ ಹಾರುತ್ತದೆ ಎಂದರು ಡಾಕ್ಟರ್. ಪಟದ ಭಾಯಿಯನ್ನು ಹಳೆಯ ತಾರಸಿಗೆ ಯಾರೂ ಕರೆಯಲಿಲ್ಲವಂತೆ. ಮುಂದಿನ ಸಂಕ್ರಾಂತಿಗೆ ಅವರು ನಮ್ಮ ಸೊಸೈಟಿಯ ತಾರಸಿಗೆ ಬಂದರು. ಸಾದಾ ದಾರದಲ್ಲಿ ಯಾರಿಗೂ ಸಿಗದಷ್ಟು ಮೇಲೆ ಒಂದು ಪಟ ನಿಲ್ಲಿಸಿ, ಸುರುಳಿಯನ್ನು ನಮ್ಮ ಯಜಮಾನರ ಕೈಗೆ ಕೊಟ್ಟು ಚಿಕ್ಕಿ ತಿಂದರು.

ಹಬ್ಬ ಮುಗಿದ ಮೇಲಿನ ಭಾನುವಾರ ಶಿಬಿರ ಎಂದಿನಂತೆ ತೆರೆದೆವು. ಕಾನೂನು ಬಂದರೂ ಮರಗಳಲ್ಲಿ ಸಿಕ್ಕಿಕೊಂಡ ದಾರ ಇರುತ್ತದೆ, ಬೀದಿಯ ದಾರ ಇರುತ್ತದೆ. ಬೆಳಗ್ಗೆ ಕೆಲವು ಪಾರಿವಾಳ ಬಂದವು. ಮೈದಾನದಲ್ಲಿ ಧ್ವನಿವರ್ಧಕ ಇರಲಿಲ್ಲ, ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಸಂಜೆಯಾಯಿತು. ಕಡೆಯ ಸುತ್ತಿನ ಹೊತ್ತು ಬಂತು. ರೂಢಿಯಂತೆ ನಾವೆಲ್ಲ ಮೇಜಿನ ಸುತ್ತ ನಿಂತೆವು. ಡಾಕ್ಟರ್ ಕೈಗವಸು ಹಾಕಿಕೊಂಡರು. ನಾನು ಕಪ್ಪು ಬಟ್ಟೆ ಮಡಚಿ ಹಿಡಿದಿದ್ದೆ. ವಕೀಲಬೆನ್ ಗೇಟು ನೋಡುತ್ತಿದ್ದರು. ಹೊರಗೆ ಬೆಳಕು ಹೋಗುವವರೆಗೂ ಹಾಗೇ ನಿಂತಿದ್ದೆವು. ಒಂದು ಆಟೊ ಬಂತು. ಶಾಲೆಯ ಕಾವಲುಗಾರನ ಹೆಂಡತಿ ಇಳಿದು ಒಳಗೆ ಹೋದಳು, ಅಷ್ಟೆ.

“ಮಾಸಿ,” ಎಂದರು ವಕೀಲಬೆನ್, “ಡಬ್ಬಿಯಲ್ಲಿ ಏನಿದೆ?”

ಪ್ರತಿ ಸಲವೂ ನಾನು ತಂದ ಅಡುಗೆ ತಣ್ಣಗಾಗಿ, ಯಾರೂ ಕೂತು ಉಣ್ಣದೆ ಮನೆಗೆ ವಾಪಸ್ ಹೋಗುತ್ತಿತ್ತು. ಬಿಸಿಬೇಳೆಭಾತಿನ ಮುಚ್ಚಳ ತೆಗೆದೆ. ಇನ್ನೂ ಬೆಚ್ಚಗಿತ್ತು. ಡಾಕ್ಟರ್ ಕೈಗವಸು ಕಳಚಿ, ಕೈ ತೊಳೆದು, ಖಾಲಿ ಮೇಜಿನ ಮೇಲೆ ಪೇಪರು ಹಾಸಿದರು.